ಚಾಮಯ್ಯನವರ ಜಾವಾ ಮತ್ತು ಮೂರನೇ ಕ್ರಾಸಿನ ಸೊಳ್ಳೆಗಳು

"ನಮ್ ಬೀದಿ ಸೊಳ್ಳೆ ಏನ್ ಪಾಪ ಮಾಡವೆ ಸಾ? ಅವುಕ್ಕೂ ಒಸಿ ಹೊಗೆ ಬುಡಿ!"

ಮೂರನೇ ಕ್ರಾಸಿನ ಮಹದೇವಮ್ಮ ಗೇಟಿನ ಮೇಲೆ ಎರಡೂ ಕೈ ಊರಿ ಹೀಗೆ ಕೇಳಿದಾಗ ಶಿವಸ್ವಾಮಿ ಸ್ಪ್ಯಾನರ್ ಹಿಡಿದು ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದರು. ಬೆಳಗಿನಿಂದ ಇದು ನಾಲ್ಕನೆಯ ಅರ್ಜಿ.

"ಅಮ್ಮಾ, ಇದು ಸೊಳ್ಳೆ ಗಾಡಿ ಅಲ್ಲ. ಜಾವಾ. ಮೋಟರ್ ಸೈಕಲ್ಲು. ನಮ್ಮ ಮಾವನವ್ರದ್ದು."

"ಯಾರ್ದಾದ್ರೇನು ಬುಡಿ ಸಾ. ಮೊದಲ್ನೇ ಕ್ರಾಸ್ಗೆ ಬುಟ್ಟು ನಮ್ಗೆ ಬುಡ್ದೆ ಇದ್ರೆ ಎಂಗೆ? ನಾವೂ ಅದೇ ಬಡಾವಣೆಯೋರು ತಾನೆ? ನಮ್ ಮೈಯಾಗೂ ಅದೇ ಕೆಂಪು ರಕ್ತ ಅಲ್ವಾ?"

ಈ ಪ್ರಶ್ನೆಗೆ ಯಾವ ಸರ್ಕಾರದ ಬಳಿಯೂ ಉತ್ತರವಿಲ್ಲ. ಶಿವಸ್ವಾಮಿಯ ಬಳಿ ಎಲ್ಲಿಂದ ಬರಬೇಕು? ಸುಮ್ಮನೆ ತಲೆ ಆಡಿಸಿದರು. ಮಹದೇವಮ್ಮ ಅದನ್ನು ಒಪ್ಪಿಗೆ ಎಂದು ತಿಳಿದು, ಬೀದಿಯವರಿಗೆ ಸುದ್ದಿ ಮುಟ್ಟಿಸಲು ಹೊರಟುಹೋದರು.

ಶಿವಸ್ವಾಮಿ ನಂಜನಗೂಡಿನ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕರು. ಇಪ್ಪತ್ತೆರಡು ವರ್ಷದಿಂದ ಹುಡುಗರಿಗೆ ಲೋಲಕದ ಗುಂಡು ಕೊಟ್ಟು, ಸಂಜೆ ಅದೇ ಗುಂಡು ವಾಪಸು ಬಂದಿದೆಯೇ ನೋಡಿ ಬೀರುವಿಗೆ ಇಡುವ ಕೆಲಸ. ಭೌತಶಾಸ್ತ್ರದ ಪಕ್ಕದಲ್ಲಿ ಇಷ್ಟು ವರ್ಷ ನಿಂತವನಿಗೆ ಅದು ಕೊಂಚವಾದರೂ ಅಂಟದೆ ಇರುತ್ತದೆಯೆ ಎನ್ನುವುದು ಅವರ ವಾದ. ಮನೆಯಲ್ಲಿ ಮಿಕ್ಸಿ ಕೆಟ್ಟರೆ ಅವರೇ ಬಿಚ್ಚುತ್ತಿದ್ದರು. ಬಿಚ್ಚಿದ್ದನ್ನೆಲ್ಲ ಅವರ ಹೆಂಡತಿ ಕೋಮಲ ಚೀಲಕ್ಕೆ ತುಂಬಿ ರಿಪೇರಿ ಅಂಗಡಿಗೆ ಒಯ್ಯುತ್ತಿದ್ದರು. ಹೀಗೆ ಸಂಸಾರ ಸುಸೂತ್ರವಾಗಿ ನಡೆದಿತ್ತು.

ಎರಡು ತಿಂಗಳ ಹಿಂದೆ ದೇವನೂರಿನ ಮಾವನ ಮನೆಗೆ ಹೋದದ್ದೇ ತಪ್ಪಾಯಿತು. ಅಲ್ಲಿಗೆ ಅವರ ಷಡ್ಡಕ, ಅಂದರೆ ಕೋಮಲಳ ತಂಗಿ ಕವನಳ ಗಂಡ, ಟಿ. ನರಸೀಪುರದ ಪ್ರೇಮ್‌ಕುಮಾರ್ ಹೊಸ ಬೈಕಿನಲ್ಲಿ ಬಂದಿಳಿದ. ಅದರ ಮುಂದೆ ಟೀವಿಯಂಥದ್ದೊಂದು ಹೊಳೆಯುತ್ತಿತ್ತು.

"ನೋಡಣ್ಣಾ, ದಾರಿ ಅದೇ ತೋರಿಸ್ತದೆ," ಎಂದ ಪ್ರೇಮ್‌ಕುಮಾರ್.

"ದಾರಿ ಗೊತ್ತಿಲ್ದೋರಿಗೆ ಅದೆಲ್ಲ ಬೇಕಪ್ಪಾ," ಎಂದರು ಶಿವಸ್ವಾಮಿ.

ಷಡ್ಡಕರ ನಡುವಿನ ಮಾತು ಇಲ್ಲಿಗೆ ನಿಂತ ಉದಾಹರಣೆ ಚರಿತ್ರೆಯಲ್ಲಿ ಇಲ್ಲ. "ಹಂಗಾದ್ರೆ ನಿಂಗೆ ಅದೇ ಸರಿ ಬಿಡು," ಎಂದು ಪ್ರೇಮ್‌ಕುಮಾರ್ ಕೊಟ್ಟಿಗೆಯತ್ತ ಕೈ ತೋರಿಸಿದ. ಅಲ್ಲಿ, ರೇಷ್ಮೆ ಹುಳು ಗೂಡು ಕಟ್ಟುವ ಹಳೆಯ ಬಿದಿರು ಚಂದ್ರಿಕೆಗಳ ಕೆಳಗೆ, ಮಾವ ಚಾಮಯ್ಯನವರ ಜಾವಾ ಬಿದ್ದಿತ್ತು. ಸೀಟಿನ ಮೇಲೆ ಒಂದು ಕೋಳಿ ಕಾವಿಗೆ ಕೂತು, ಇದು ತನ್ನ ಪಿತ್ರಾರ್ಜಿತ ಎಂಬಂತೆ ನೋಡುತ್ತಿತ್ತು.

ಚಾಮಯ್ಯ ರೇಷ್ಮೆ ಇಲಾಖೆಯಲ್ಲಿದ್ದಾಗ ಆ ಗಾಡಿಯಲ್ಲೇ ಕವಲಂದೆ, ಚಿಕ್ಕಯ್ಯನಛತ್ರದ ಕಡೆಯ ಊರೂರು ಸುತ್ತಿ ರೈತರಿಗೆ ರೇಷ್ಮೆ ಮೊಟ್ಟೆ ಹಂಚಿದವರು. ಕೊನೆಗೆ ನರಸೀಪುರದ ಆಫೀಸಿನಲ್ಲಿ ನಿವೃತ್ತಿಯಾದ ಮೇಲೆ ಗಾಡಿಯೂ ನಿವೃತ್ತಿಯಾಯಿತು. "ಇನ್ನೇನ್ಮಾಡದು, ಗುಜರಿಯವ್ನಿಗೆ ಏಳಿವ್ನಿ," ಎಂದರು ಚಾಮಯ್ಯ, ಗಾಡಿಯ ಕಡೆ ನೋಡದೆ.

"ಗುಜರಿಗೆ ಯಾಕೆ ಮಾವ? ನಾನೇ ರೆಡಿ ಮಾಡ್ತೀನಿ. ಪ್ರೇಮ್‌ಕುಮಾರನ ಗೃಹಪ್ರವೇಶಕ್ಕೆ ಅದರಲ್ಲೇ ಬರ್ತೀನಿ!"

ಮಾತು ಆಡಿದವರು ಶಿವಸ್ವಾಮಿಯೇ ಹೌದೋ ಅಲ್ಲವೋ ಎಂದು ನೋಡಲು ಕೋಮಲ ಅಡುಗೆಮನೆಯಿಂದ ಹೊರಗೆ ಬಂದರು. ಚಾಮಯ್ಯ ಅಳಿಯನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಪಂಚಾಯಿತಿ ಕಟ್ಟೆಯಲ್ಲಿ ತೀರ್ಪು ಕೊಡುವವರಂತೆ ಹೇಳಿದರು:

"ಅಳಿಯಂದ್ರೇ, ನನ್ ಮಗಳ್ನ ಇಂದ್ಗಡೆ ಕೂರಿಸ್ಕಂಡು, ಗೃಹಪ್ರವೇಶದ ದಿವ್ಸ ಊಟದ ಒತ್ಗೆ ಬನ್ನಿ. ಗಾಡಿ ನಿಮ್ದು. ಬರ್ನಿಲ್ವಾ, ಮಾರನೇ ದಿನ ಗುಜರಿಗೆ."

ಹೀಗೆ ಗಾಡಿ ಟೆಂಪೋ ಹತ್ತಿ ನಂಜನಗೂಡಿಗೆ ಬಂತು. ಕೋಳಿಯನ್ನು ಮಾತ್ರ ಕಷ್ಟಪಟ್ಟು ಇಳಿಸಬೇಕಾಯಿತು.

ಶಿವಸ್ವಾಮಿ ಎರಡು ವಾರ ಬಿಚ್ಚಿದರು. ಆಮೇಲೆ ಕೋಮಲ, ಇದು ಚೀಲಕ್ಕೆ ಹಿಡಿಸುವುದಿಲ್ಲವೆಂದು, ಕವಲಂದೆಯ ಹಳೇ ಮೆಕ್ಯಾನಿಕ್ ಬೆಟ್ಟಸ್ವಾಮಿಗೆ ಫೋನು ಮಾಡಿದರು. ಬೆಟ್ಟಸ್ವಾಮಿ ಬಂದ, ನೆಲದ ಮೇಲೆ ಹರಡಿದ್ದ ಭಾಗಗಳನ್ನು ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡ, ಆಮೇಲೆ ಪ್ರತಿ ಶನಿವಾರ ಬಂದು ಒಂದೊಂದನ್ನೇ ಸ್ವಸ್ಥಾನಕ್ಕೆ ಸೇರಿಸಿದ. ಕೊನೆಗೊಂದು ಬಿಳಿ ಕ್ಯಾನು ಕೊಟ್ಟು ಹೇಳಿದ: "ಸಾ, ಇದು ಟೂ ಸ್ಟ್ರೋಕು. ಬರೀ ಪೆಟ್ರೋಲ್ ಕುಡಿಯಲ್ಲ. ಪೆಟ್ರೋಲ್ ಜತೇಲೇ ಈ ಆಯಿಲ್ ಕಲಸ್ಬೇಕು, ಲೀಟ್ರಿಗೆ ಒಂದು ಮುಚ್ಚಳ. ಜಾಸ್ತಿ ಬ್ಯಾಡ, ಕಮ್ಮಿ ಬ್ಯಾಡ."

ಶಿವಸ್ವಾಮಿ ಕ್ಯಾನನ್ನು ಮೆಟ್ಟಿಲ ಕೆಳಗಿಟ್ಟರು. ಅಲ್ಲಿ ಆಗಲೇ ಇನ್ನೊಂದು ಬಿಳಿ ಕ್ಯಾನು ಇತ್ತು. ಹಿತ್ತಲ ತೆಂಗಿನ ಗಿಡಕ್ಕೆ ಬಿಳಿ ನೊಣ ಬಿದ್ದಿದೆಯೆಂದು ಚಾಮಯ್ಯ ಊರಿಂದ ಕಳಿಸಿದ್ದ ಬೇವಿನೆಣ್ಣೆ. ಒಂದೇ ಬಣ್ಣ, ಒಂದೇ ಎತ್ತರ, ಒಂದೇ ಮುಚ್ಚಳ. ಇಂಥ ಸಂದರ್ಭದಲ್ಲಿ ಮನುಷ್ಯನ ಕೈ ಯಾವುದನ್ನು ಎತ್ತುತ್ತದೆ ಎಂಬುದಕ್ಕೆ ಭೌತಶಾಸ್ತ್ರದಲ್ಲಿ ನಿಯಮವಿಲ್ಲ. ವಾಸನೆಯಾದರೂ ಹೇಳಬೇಕಿತ್ತು, ಆ ವಾರ ಶಿವಸ್ವಾಮಿಗೆ ನೆಗಡಿ. ಇಷ್ಟು ವರ್ಷ ಉಪವಾಸವಿದ್ದ ಗಾಡಿಗೆ ಒಂದು ಮುಚ್ಚಳ ಯಾವ ಮೂಲೆಗೆ ಎಂದು ಮರುಗಿ, ಅವರು ಧಾರಾಳವಾಗಿ ಐದು ಮುಚ್ಚಳ ಬೇರೆ ಹಾಕಿದರು.

ಬುಧವಾರ ಸಂಜೆ ಹದಿನೇಳನೇ ಕಿಕ್ಕಿಗೆ ಜಾವಾ ಎದ್ದಿತು.

ಎದ್ದಿತು ಎನ್ನುವುದಕ್ಕಿಂತ, ಮಾಯವಾಯಿತು ಎನ್ನಬೇಕು. ಮೊದಲು ಗಾಡಿ ಕಾಣದಾಯಿತು, ಆಮೇಲೆ ಶಿವಸ್ವಾಮಿ ಕಾಣದಾದರು, ಆಮೇಲೆ ಮನೆ. ಬೆಳ್ಳಗಿನ ದಟ್ಟ ಹೊಗೆ ಗೇಟು ದಾಟಿ ಮೊದಲನೇ ಕ್ರಾಸಿನ ಉದ್ದಕ್ಕೂ ಹರಡಿತು. ಒಳಗಿನಿಂದ "ಡುಗ್ ಡುಗ್ ಡುಗ್" ಎಂಬ ಸದ್ದೂ, ಶಿವಸ್ವಾಮಿಯ ಆನಂದದ ಕೆಮ್ಮೂ ಕೇಳುತ್ತಿದ್ದವು.

ಎದುರುಮನೆಯ ತಂಗಮ್ಮ ಜಗಲಿಯಿಂದಲೇ ಕೂಗಿದರು: "ಸಮೀಕ್ಷಾ! ಸೊಳ್ಳೆ ಹೊಗೆಯವ್ರು ಬಂದ್ರು ಕಣೇ! ಹಾಲು ಮುಚ್ಚು, ಕಿಟಕಿ ತೆಗಿ! ಮಗೂನ ಒಳಗಿನ ಕೋಣೆಗೆ ಕರ್ಕೊಂಡ್ಹೋಗು!"

ತಂಗಮ್ಮನ ಮಗಳು ಸಮೀಕ್ಷಾ ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ನಲವತ್ತು ದಿನ. ಹೊಳೆ ಕಡೆಯಿಂದ ಬರುವ ಸೊಳ್ಳೆಗಳು ಪರದೆಯ ತೂತಿನಲ್ಲಿ ಸರದಿಯಂತೆ ನುಗ್ಗುತ್ತಿದ್ದರಿಂದ ಆ ಮನೆಯಲ್ಲಿ ಯಾರೂ ನಿದ್ದೆ ಮಾಡಿರಲಿಲ್ಲ. ಬೆಳಿಗ್ಗೆ ತಂಗಮ್ಮ ಓಡಿಬಂದು ಶಿವಸ್ವಾಮಿಯ ಎರಡೂ ಕೈ ಹಿಡಿದುಕೊಂಡರು.

"ಒಂದೇ ಒಂದು ಸೊಳ್ಳೆ ಇಲ್ಲ ಕಣ್ರೀ! ನಮ್ ಕೂಸು ಬೆಳಿಗ್ಗೆವರೆಗೂ ಎರಡೇ ಸಲ ಎದ್ದಿದ್ದು. ನಮ್ಮನೆಯವ್ರು ಇವತ್ತು ನಗ್ತಾ ಕಾಫಿ ಕುಡಿದ್ರು. ಮದುವೆ ಆದ್ಮೇಲೆ ಇದೇ ಮೊದಲು!"

"ಆದ್ರೆ ತಂಗಮ್ಮನವ್ರೇ, ಅದು ಗಾಡಿ..."

"ಗಾಡಿ ತಾನೇ ಬೇಕಾದ್ದು! ನಮ್ ಅಧ್ಯಕ್ಷರು ಕೊನೆಗೂ ಮಾತು ಉಳಿಸ್ಕೊಂಡ್ರು ನೋಡಿ."

ಅಧ್ಯಕ್ಷರೆಂದರೆ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಪುಟ್ಟಬಸವಯ್ಯ. ಸಂಘದ ಚುನಾವಣೆಯಲ್ಲಿ ಸೊಳ್ಳೆ ಓಡಿಸುವ ಯಂತ್ರ ತರುತ್ತೇನೆಂದು ಭಾಷಣ ಮಾಡಿ ಗೆದ್ದವರು. ಆಮೇಲೆ ಆ ವಿಷಯವನ್ನು ಸೊಳ್ಳೆಗಳ ಹೊರತು ಯಾರೂ ಅವರ ಕಿವಿಯಲ್ಲಿ ಎತ್ತಿರಲಿಲ್ಲ. ಈಗ ಬೀದಿಯಲ್ಲಿ ನಾಲ್ಕು ಜನ ಕೈ ಮುಗಿದಾಗ, ಯಾತಕ್ಕೆ ಎಂದು ಕೇಳುವ ಕೆಟ್ಟ ಅಭ್ಯಾಸ ಅವರಿಗಿರಲಿಲ್ಲ. "ಇರ್ಲಿ ಇರ್ಲಿ, ನಮ್ ಕರ್ತವ್ಯ," ಎಂದುಬಿಟ್ಟರು. ಆಮೇಲೆ ವಿಷಯ ತಿಳಿದು ಶಿವಸ್ವಾಮಿಯ ಮನೆಗೆ ಬಂದರು.

"ಭಾನುವಾರ ಹತ್ತು ಗಂಟೆಗೆ ಉದ್ಘಾಟನೆ ಇಟ್ಕಂಡಿದೀನಿ. ಬ್ಯಾನರ್ ಪ್ರಿಂಟಿಗೆ ಓಯ್ತು. ನೀವು ಸ್ಟಾರ್ಟ್ ಮಾಡಿ ಕೊಡಿ ಸಾಕು."

"ಅಧ್ಯಕ್ರೇ, ಭಾನುವಾರ ನಾನು ಗೃಹಪ್ರವೇಶಕ್ಕೆ ನರಸೀಪುರಕ್ಕೆ ಹೋಗ್ಬೇಕು. ಹೋಗ್ಲಿಲ್ಲಾಂದ್ರೆ ಈ ಗಾಡಿ ಗುಜರಿಗೆ ಹೋಗ್ತದೆ!"

"ಒಂದು ರೌಂಡ್ ಕಣ್ರೀ. ಮೂರು ಕ್ರಾಸು, ಕಾಲು ಗಂಟೆ. ಬಾಣಂತಿ ಮನೆ ಐತೆ, ಮನುಷ್ಯತ್ವ ಬ್ಯಾಡ್ವಾ?" ಶಿವಸ್ವಾಮಿ ಒಂದೇ ಒಂದು ರೌಂಡಿಗೆ ಮಾತು ಕೊಟ್ಟರು.

ಶನಿವಾರ ಬೆಟ್ಟಸ್ವಾಮಿ ಬಂದ. ಗೇಟಿನ ಬಳಿಯೇ ನಿಂತು ಮೂಗು ಎತ್ತಿದ. ಗಾಡಿಯ ಬಳಿಗೆ ಬಂದು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. ಆಮೇಲೆ ತುಂಬ ಮೆಲ್ಲಗೆ, ರೋಗಿಯ ಮನೆಯವರನ್ನು ಕೇಳುವಂತೆ ಕೇಳಿದ:

"ಸಾ, ಇದ್ಕೆ ಏನ್ ಕುಡ್ಸಿದ್ರಿ?"

"ನೀನು ಕೊಟ್ಟಿದ್ದೇ ಬೆಟ್ಟಸ್ವಾಮಿ, ಮೆಟ್ಟಿಲ ಕೆಳಗಿಂದು."

ಕೋಮಲ ಎರಡೂ ಕ್ಯಾನು ತಂದು ಮುಂದಿಟ್ಟರು. ಬೆಟ್ಟಸ್ವಾಮಿಯದು ಇನ್ನೂ ಭದ್ರವಾಗಿ ಮುಚ್ಚಿಯೇ ಇತ್ತು.

"ಬೇವಿನೆಣ್ಣೆ!" ಬೆಟ್ಟಸ್ವಾಮಿ ಅಂಗಳದ ಕಲ್ಲಿನ ಮೇಲೆ ಕೂತುಬಿಟ್ಟ. "ಮೂವತ್ತೈದು ವರ್ಸದಾಗೆ ಸೀಮೆಎಣ್ಣೆ ಆಕಿರೋರ್ನ ನೋಡಿವ್ನಿ, ನೀರಾಕಿರೋರ್ನ ನೋಡಿವ್ನಿ. ಗಾಡಿಗೆ ಉಳಕಡ್ಡಿ ಔಷ್ದಿ ಆಕಿರೋರು ನೀವೇ ಮೊದಲ್ನೇರು ಸಾ!"

"ರೀ, ಸೊಳ್ಳೆ ಯಾಕೆ ಸತ್ತಿದ್ದು ಅಂತ ಈಗ ಗೊತ್ತಾಯ್ತು," ಎಂದರು ಕೋಮಲ.

ಬೆಟ್ಟಸ್ವಾಮಿ ಟ್ಯಾಂಕ್ ಬರಿದು ಮಾಡಿದ. ಪ್ಲಗ್ಗು ಉಜ್ಜಿದ. ಸೈಲೆನ್ಸರಿನ ಒಳಗಿನ ಕೊಳವೆಯನ್ನು ಬೆಂಕಿಯಲ್ಲಿ ಸುಟ್ಟು ಮಸಿ ಉದುರಿಸಿದ. ಸರಿಯಾದ ಆಯಿಲು, ಸರಿಯಾದ ಮುಚ್ಚಳ. ಮೂರನೇ ಕಿಕ್ಕಿಗೆ ಜಾವಾ ಎದ್ದಿತು, ಹೊಗೆಯೇ ಇಲ್ಲ. ಒದ್ದ ಕಿಕ್ಕರ್ ಅನ್ನೇ ಹಾಗೆ ಮುಂದಕ್ಕೆ ಮಲಗಿಸಿದರೆ ಅದೇ ಗೇರು. ಶಿವಸ್ವಾಮಿ ಅಂಗಳದಲ್ಲೇ ಎರಡು ಸುತ್ತು ಹೊಡೆದು, ಕಣ್ಣೊರೆಸಿಕೊಂಡರು. ನೆಗಡಿ ಎಂದು ಹೇಳಿದರು.

"ನರಸೀಪುರ ಏನು, ಕೊಳ್ಳೇಗಾಲಕ್ಕೂ ಓಯ್ತದೆ," ಎಂದ ಬೆಟ್ಟಸ್ವಾಮಿ. "ಆದ್ರೆ ಬೇವು ಮಾತ್ರ ಮತ್ತೆ ತೋರಿಸ್ಬೇಡಿ. ಆಕಿದ್ರೂ ಓಡ್ತಾ ಇರೋವರ್ಗೂ ಓಡ್ತದೆ. ಒಂದ್ಸಲ ನಿಲ್ಸಿದ್ರಿ ಅನ್ನಿ, ಪ್ಲಗ್ ಜಿಡ್ಡು ಕಟ್ಕಂಡು ದಾರಿ ಮಧ್ಯ ಮಲಗ್ತದೆ. ಆಮ್ಯಾಕೆ ನನ್ಗೆ ಫೋನ್ ಮಾಡ್ಬೇಡಿ."

ಭಾನುವಾರ ಹತ್ತು ಗಂಟೆ. ಮೊದಲನೇ ಕ್ರಾಸಿನಲ್ಲಿ ಬ್ಯಾನರು. ಅದರಲ್ಲಿ ಪುಟ್ಟಬಸವಯ್ಯನವರ ಮುಖ ದೊಡ್ಡದು, ಸೊಳ್ಳೆಯ ಚಿತ್ರ ಅದಕ್ಕಿಂತ ಸ್ವಲ್ಪ ಚಿಕ್ಕದು. ಮೂರು ಕ್ರಾಸಿನ ಹೆಂಗಸರು ಹಾಲು ಮುಚ್ಚಿ ಬಂದು ನಿಂತಿದ್ದರು. ಪುಟ್ಟಬಸವಯ್ಯನವರಿಗೆ ಯಾರೋ ಶಾಲು ಹೊದಿಸಿದರು. ಹಾರವನ್ನು ಅವರೇ ಹಾಕಿಕೊಂಡರು. ಕೋಮಲ ರೇಷ್ಮೆ ಸೀರೆಯಲ್ಲಿ, ಹೆಲ್ಮೆಟ್ ಕೈಯಲ್ಲಿ ಹಿಡಿದು, ಗೇಟಿನ ಬಳಿ ಹೊರಡಲು ಸಿದ್ಧರಾಗಿದ್ದರು.

ಶಿವಸ್ವಾಮಿ ಒದ್ದರು. ಮೊದಲನೇ ಕಿಕ್ಕಿಗೇ ಜಾವಾ ಶುದ್ಧವಾಗಿ, ಗಂಭೀರವಾಗಿ, ಹೊಸ ಗಾಡಿಯಂತೆ ಡುಗುಡುಗಿಸಿತು. ಎರಡು ತಿಂಗಳ ತಪಸ್ಸು ಫಲಿಸಿದ ಗಳಿಗೆ. ಶಿವಸ್ವಾಮಿ ಚಪ್ಪಾಳೆಗಾಗಿ ಕಾದರು.

ಹೆಂಗಸರು ಬಗ್ಗಿ ಸೈಲೆನ್ಸರಿನ ಬಾಯಿ ನೋಡಿದರು.

"ಹೊಗೆ ಎಲ್ರೀ?" ಎಂದಿತು ಒಂದು ದನಿ.

"ಕೆಟ್ಟೋಯ್ತೇನೋ ಪಾಪ," ಎಂದಿತು ಇನ್ನೊಂದು.

"ಮೊನ್ನೆ ಚೆಂದಾಗಿತ್ತು ಕಣವ್ವ. ರಿಪೇರಿ ಮಾಡಕ್ಕೋಗಿ ಆಳ್ ಮಾಡ್ಬುಟ್ರು," ಎಂದು ಮಹದೇವಮ್ಮ ನಿಟ್ಟುಸಿರು ಬಿಟ್ಟರು. "ಅಷ್ಟೊತ್ತು ಕೂತು ನಮ್ ಸರದಿ ಬರೋ ಒತ್ಗೆ!"

"ಇದು ಕೆಟ್ಟಿಲ್ಲ ತಾಯೀ! ಈಗಲೇ ಸರಿಯಾಗಿರೋದು!" ಎಂದು ಶಿವಸ್ವಾಮಿ ಕಿರುಚಿದರು. ಕೆಟ್ಟುಹೋದ ಗಾಡಿಯವರು ಸಾಮಾನ್ಯವಾಗಿ ಹೇಳುವುದೂ ಇದನ್ನೇ ಆದ್ದರಿಂದ ಯಾರೂ ನಂಬಲಿಲ್ಲ. ಪುಟ್ಟಬಸವಯ್ಯ ಹತ್ತಿರ ಬಂದು ಕಿವಿಯಲ್ಲಿ, "ಮರ್ಯಾದೆ ಪ್ರಶ್ನೆ ಕಣ್ರೀ," ಎಂದರು. ಅದಕ್ಕೆ ಶಿವಸ್ವಾಮಿ ಬಗ್ಗಲಿಲ್ಲ. ಆದರೆ ತಂಗಮ್ಮ ಮುಂದೆ ಬಂದರು. ಹಿಂದೆ ಸಮೀಕ್ಷಾ, ಅವಳ ಹೆಗಲಮೇಲೆ ಕೂಸು. ಕೂಸಿನ ಹಣೆಯ ಮೇಲೆ ಕೆಂಪಗೆ ಮೂರು ಗುಳ್ಳೆ.

"ನಿನ್ನೆ ರಾತ್ರಿ ಮತ್ತೆ ಬಂದ್ವು ಕಣ್ರೀ," ಎಂದರು ತಂಗಮ್ಮ. ಅಷ್ಟೇ.

ಶಿವಸ್ವಾಮಿ ಕೂಸಿನ ಕಡೆ ನೋಡಿದರು. ಕೋಮಲಳ ಕಡೆ ನೋಡಿದರು. ಮೆಟ್ಟಿಲ ಕೆಳಗೆ ಹೋಗಿ ಬೇವಿನೆಣ್ಣೆಯ ಕ್ಯಾನು ತಂದು, ಗಾಡಿ ಆರಿಸದೆಯೇ ಟ್ಯಾಂಕಿಗೆ ಸುರಿದು, ಕ್ಯಾನು ಕೆಳಗಿಟ್ಟು, ಗಾಡಿಯನ್ನು ಅತ್ತಿತ್ತ ಅಲ್ಲಾಡಿಸಿದರು.

ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಬಂತು ನೋಡಿ ಹೊಗೆ! ಬುಧವಾರದ್ದು ಇದರ ಮರಿ. ಬ್ಯಾನರು ಮುಳುಗಿತು, ಜನ ಮುಳುಗಿದರು, ಎಲ್ಲ ಕಡೆಯಿಂದ ಚಪ್ಪಾಳೆ ಮಾತ್ರ ಕೇಳಿತು. ಶಿವಸ್ವಾಮಿ ಹೆಲ್ಮೆಟ್ ಹಾಕಿಕೊಂಡು ಹಿಂದಕ್ಕೆ ಕೂಗಿದರು: "ಕೂತಾಯ್ತಾ?"

ಗಾಡಿಯ ಹಿಂಭಾಗ ಜಗ್ಗಿತು. ಯಾರೋ ಬೆನ್ನು ತಟ್ಟಿದರು. ಶಿವಸ್ವಾಮಿ ಗೇರು ಹಾಕಿದರು.

ಮೊದಲನೇ ಕ್ರಾಸು, ಎರಡನೇ ಕ್ರಾಸು, ಮೂರನೇ ಕ್ರಾಸು. ಮಹದೇವಮ್ಮನ ಮನೆ ಮುಂದೆ ನಿಧಾನವಾಗಿ. ಮಾತು ಕೊಟ್ಟಂತೆ ಮೂರೂ ಮುಗಿಸಿ, ಗಾಡಿಯನ್ನು ಮುಖ್ಯರಸ್ತೆಗೆ ತಿರುಗಿಸಿ ಸುತ್ತೂರಿನ ಕಡೆ ಬಿಟ್ಟರು. ಗಾಳಿಗೆ ಹೊಗೆ ಹಿಂದಕ್ಕೆ ಸರಿಯಿತು.

"ಶಿವಸ್ವಾಮಿಗಳೇ!" ಎಂದಿತು ಹಿಂದಿನ ದನಿ. "ನಮ್ ಬಡಾವಣೆ ಮುಗೀತು ಕಣ್ರೀ!"

ಶಿವಸ್ವಾಮಿ ಕನ್ನಡಿಯಲ್ಲಿ ನೋಡಿದರು. ಕನ್ನಡಿಯ ತುಂಬ ಹಾರ ಹಾಕಿಕೊಂಡ ಪುಟ್ಟಬಸವಯ್ಯ.

"ನೀವ್ಯಾಕ್ರೀ ಕೂತ್ರಿ?"

"ಅಧ್ಯಕ್ಷನಲ್ಲದೆ ಮತ್ತೆ ಯಾರು ಕೂರ್ಬೇಕು? ಜನಕ್ಕೆ ಕೈ ಬೀಸ್ತಾ ಇದ್ದೆ! ನಿಲ್ಸಿ, ಇಳ್ದೋಯ್ತೀನಿ!"

"ನಿಲ್ಸಂಗಿಲ್ಲ ಅಧ್ಯಕ್ರೇ! ನಿಲ್ಸಿದ್ರೆ ಮತ್ತೆ ಎದ್ದೇಳಲ್ಲ!"

"ಅಂಗಾದ್ರೆ ಎಲ್ಲಿ ನಿಲ್ತದೆ?"

"ನರಸೀಪುರದಲ್ಲಿ!"

ಮನುಷ್ಯ ಇಂಥ ಹೊತ್ತಿನಲ್ಲಿ ಎರಡು ಕೆಲಸ ಮಾಡಬಹುದು: ಅಳಬಹುದು, ಇಲ್ಲವೇ ಶಾಲು ಸರಿ ಮಾಡಿಕೊಳ್ಳಬಹುದು. ಪುಟ್ಟಬಸವಯ್ಯ ಶಾಲು ಸರಿ ಮಾಡಿಕೊಂಡರು. ದಾರಿಯಲ್ಲಿ ಒಬ್ಬ ಪೊಲೀಸಿನವನು ಹೊಗೆ ಕಂಡು ಕೈ ಅಡ್ಡ ಹಿಡಿದ. ಪುಟ್ಟಬಸವಯ್ಯ ಅಭ್ಯಾಸಬಲದಿಂದ ಕೈ ಬೀಸಿದರು. ಹಾರ, ಶಾಲು, ಹೊಗೆ ಮೂರೂ ಒಟ್ಟಿಗೆ ಬರುತ್ತಿರುವುದು ಯಾವುದೋ ಸರ್ಕಾರಿ ಕಾರ್ಯಕ್ರಮವೇ ಇರಬೇಕೆಂದು ಅವನು ಸಲಾಮು ಹೊಡೆದ. ಅಲ್ಲಿಂದ ಮುಂದೆ ಪುಟ್ಟಬಸವಯ್ಯ ಪ್ರಯಾಣವನ್ನು ವಿರೋಧಿಸಲಿಲ್ಲ. ಊರು ಬಂದಲ್ಲೆಲ್ಲ ಕೈ ಎತ್ತುತ್ತಲೇ ಇದ್ದರು.

ಟಿ. ನರಸೀಪುರದಲ್ಲಿ ಪ್ರೇಮ್‌ಕುಮಾರನ ಹೊಸ ಮನೆಯ ಮುಂದೆ ಶಾಮಿಯಾನ. ಎಲೆ ಹಾಕುತ್ತಿದ್ದರು. ಡುಗುಡುಗು ಕೇಳಿ ಚಾಮಯ್ಯ ಗರಿಗರಿ ಪಂಚೆಯಲ್ಲಿ ಗೇಟಿನಾಚೆಗೆ ಬಂದರು. ಹೊಗೆಯೊಳಗಿಂದ ಮೊದಲು ಜಾವಾ, ಆಮೇಲೆ ಅಳಿಯ, ಆಮೇಲೆ ಮುಖವೆಲ್ಲ ಮಸಿಯಾದ ಅಪರಿಚಿತ ಗಂಡಸು ಕಂಡರು.

"ಅಳಿಯಂದ್ರೇ, ನಾನೇಳಿದ್ದು ನನ್ ಮಗಳ್ನ ಕೂರಿಸ್ಕಂಡು ಬನ್ನಿ ಅಂತ. ಇವ್ರು ಯಾರು?"

"ಇವ್ರು ಅಧ್ಯಕ್ಷರು ಮಾವ."

"ಯಾತುರ ಅಧ್ಯಕ್ಷರು?"

"ಸೊಳ್ಳೆ..." ಎಂದು ಶುರು ಮಾಡಿದ ಪುಟ್ಟಬಸವಯ್ಯನವರಿಗೆ ಕೆಮ್ಮು ಬಂದು ಪರಿಚಯ ಅಲ್ಲಿಗೇ ನಿಂತಿತು.

ಪ್ರೇಮ್‌ಕುಮಾರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಣ್ಣಾ, ಅಕ್ಕ ಎಲ್ಲಿ? ದಾರೀಲಿ ಬೀಳಿಸ್ಬುಟ್ಯಾ? ಮಾವ, ಷರತ್ತು ಷರತ್ತೇ. ನಾಳೆ ಗುಜರಿ!"

ಶಿವಸ್ವಾಮಿ ಗಾಡಿ ಆರದಂತೆ ಆಕ್ಸಿಲರೇಟರ್ ಹಿಡಿದುಕೊಂಡೇ ನಿಂತಿದ್ದರು. ಆರಿದರೆ ಅದು ಗುಜರಿಯವನ ತನಕ ಮತ್ತೆ ಏಳುವುದಿಲ್ಲ ಎಂಬುದು ಅಲ್ಲಿ ಅವರಿಗೂ ಪುಟ್ಟಬಸವಯ್ಯನವರಿಗೂ ಮಾತ್ರ ಗೊತ್ತು. ಚಾಮಯ್ಯ ನೆಲ ನೋಡುತ್ತ, "ಮಾತಂದ್ರೆ ಮಾತು..." ಎನ್ನುವಷ್ಟರಲ್ಲಿ ಒಂದು ಆಟೋ ಬಂದು ನಿಂತಿತು. ಕೋಮಲ ಇಳಿದರು.

"ದಾರಿ ಕೇಳೋದೇ ಬೇಕಾಗ್ಲಿಲ್ಲ. ಹೊಗೆ ಇದ್ದ ಕಡೆ ತಿರುಗಿಸು ಅಂತ ಆಟೋದವ್ನಿಗೆ ಹೇಳ್ದೆ. ಆ ಕ್ಯಾನ್ನ ತಂಗಮ್ಮನವ್ರಿಗೆ ಕೊಟ್ಟು ಬಂದೆ ಕಣ್ರೀ, ಕೆಂಡಕ್ಕೆ ಎರಡು ತೊಟ್ಟು ಹಾಕ್ಕೊಳ್ಳಿ, ಸೊಳ್ಳೆಗೆ ಮೋಟರ್ ಸೈಕಲ್ ಯಾಕೆ ಅಂತ. ಅಧ್ಯಕ್ರೇ, ಇಳೀರಿ."

ಪುಟ್ಟಬಸವಯ್ಯ ಇಳಿದರು. ಕೋಮಲ ಸೀರೆ ಸರಿಪಡಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂತರು.

"ಅಪ್ಪ, ಊಟ ಇನ್ನೂ ಬಡಿಸಿಲ್ಲ ತಾನೆ?"

"ಇಲ್ಲ ಕಣವ್ವ. ಎಲೆ ಆಕ್ತಾವ್ರೆ."

"ಊಟದ ಹೊತ್ಗೆ ಕೂರಿಸ್ಕೊಂಡು ಬರ್ಬೇಕು ಅಂದಿದ್ರಿ. ಎಲ್ಲಿಂದ ಕೂರಿಸ್ಕೋಬೇಕು ಅಂತ ಹೇಳಿದ್ರಾ?"

ಚಾಮಯ್ಯ ಯೋಚಿಸಿದರು. "ಏಳ್ನಿಲ್ಲ."

"ರೀ, ನಡೀರಿ."

ಶಿವಸ್ವಾಮಿ ಒಂದನೇ ಗೇರು ಹಾಕಿ, ಗೇಟಿನಿಂದ ಶಾಮಿಯಾನದವರೆಗೆ, ರಂಗೋಲಿ ತಪ್ಪಿಸಿ, ಹನ್ನೆರಡು ಅಡಿ ಗಾಡಿ ಓಡಿಸಿದರು. "ಇದು ಮೋಸ!" ಎಂದ ಪ್ರೇಮ್‌ಕುಮಾರ್. "ಸುಮ್ನಿರಿ, ಅಕ್ಕ ಸರಿಯಾಗೇ ಏಳ್ತಾವ್ಳೆ," ಎಂದಳು ಅವನ ಹೆಂಡತಿ ಕವನ; ಅಲ್ಲಿಗೆ ಆ ವ್ಯಾಜ್ಯ ಮುಗಿಯಿತು.

ಚಾಮಯ್ಯ ಮಾತ್ರ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಟ್ಯಾಂಕಿನ ಮೇಲೆ ಅಂಗೈ ಇಟ್ಟು ನಿಂತಿದ್ದರು. ಅದು ಅಂಗೈಯೊಳಗೆ ನಡುಗುತ್ತಿತ್ತು.

"ಆಕ್ಸಿಲೇಟ್ರು ಅಂಗಲ್ಲ ಇಡಿಯದು ಅಳಿಯಂದ್ರೇ. ಇಳೀರಿ ಒಸಿ."

ಶಿವಸ್ವಾಮಿ ಇಳಿದರು. ಎಪ್ಪತ್ತಾರರ ಚಾಮಯ್ಯ ಪಂಚೆ ಎತ್ತಿ ಕಟ್ಟಿ, ಅಳಿಯನ ಹೆಲ್ಮೆಟ್ ಹಾಕಿಕೊಂಡು, ಕೂತರು. "ಭದ್ರವಾಗಿ ಇಡ್ಕ ಮಗಾ," ಎಂದು ಹಿಂದೆ ಕೂತೇ ಇದ್ದ ಕೋಮಲಳಿಗೆ ಹೇಳಿದ್ದಷ್ಟೇ ಕೇಳಿಸಿತು. ಹೊಗೆ ಬೀದಿಯ ತುದಿಯಲ್ಲಿ ತಿರುಗಿ ಮರೆಯಾಯಿತು.

ಎಲೆಗಳು ಕಾದವು. ಪಾಯಸ ಆರಿತು. ಹಿರಿಯರಿಲ್ಲದೆ ಪಂಕ್ತಿ ಶುರು ಮಾಡುವಂತಿಲ್ಲ. ಮುಕ್ಕಾಲು ಗಂಟೆಯ ಮೇಲೆ ಡುಗುಡುಗು ಕೇಳಿತು. ಚಾಮಯ್ಯ ಇಳಿದು, ಗಾಡಿ ಆರಿಸಿ, ಹೆಲ್ಮೆಟ್ ತೆಗೆದರು. ಮುಖದ ತುಂಬ ಮಸಿ. ಅದರ ನಡುವೆ ಹಲ್ಲು.

"ಎಲ್ಲಿಗೆ ಓಗಿದ್ರಿ ಮಾವ?" ಎಂದ ಪ್ರೇಮ್‌ಕುಮಾರ್.

"ಇಲ್ಲೇ ಕಣಪ್ಪ, ನಮ್ ಅಳೇ ರೇಷ್ಮೆ ಆಫೀಸ್ ತಂಕ."

"ಮೂರು ಸಲ," ಎಂದರು ಕೋಮಲ, ಕೂದಲು ಸರಿ ಮಾಡಿಕೊಳ್ಳುತ್ತ. "ಆಮೇಲೆ ಹೊಳೆ ಸೇತುವೆ ಮೇಲೆ ಎರಡು ಸಲ."

"ಅಳಿಯಂದ್ರೇ," ಎಂದರು ಚಾಮಯ್ಯ, ಗಂಭೀರವಾಗಿ. "ಗುಜರಿಯವ್ನಿಗೆ ಬರ್ಬ್ಯಾಡ ಅಂತ ಏಳ್ತೀನಿ. ಮಾತಂದ್ರೆ ಮಾತು. ಗಾಡಿ ನಿಮ್ದು."

ಶಿವಸ್ವಾಮಿ ಪ್ರೇಮ್‌ಕುಮಾರನ ಕಡೆ ಒಮ್ಮೆ ನೋಡಿ, ಕೈ ಚಾಚಿದರು. "ಸಂತೋಷ ಮಾವ. ಕೀ?"

"ಕೀ ನಂದು."

ಹೀಗೆಂದ ಚಾಮಯ್ಯ ಕೀಲಿಯನ್ನು ಉಡಿದಾರಕ್ಕೆ ಎರಡು ಗಂಟು ಹಾಕಿ ಬಿಗಿದು, ಕೈ ತೊಳೆದು ಬಂದು, ಪಂಕ್ತಿಯ ಮೊದಲನೇ ಎಲೆಯ ಮುಂದೆ ಕೂತು ನೀರು ಚಿಮುಕಿಸಿದರು.